ಹೊರಗಿನ ಯುಎಸ್‌ಬಿ ಡಿಸ್ಕ್ ಕಾಣಿಸ್ತಿಲ್ವಾ? ತೀರಾ ನಿಧಾನವಾ? ಲಿನಕ್ಸ್‌ನಲ್ಲಿ ದೋಷ ಹುಡುಕುವ ಕ್ರಮ

ಕಲಬುರಗಿಯಲ್ಲಿ ಮದುವೆ ಸೀಸನ್ ಅಂದ್ರೆ ಕಡು ಬೇಸಿಗೆ. ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುವ ಹೊತ್ತಿಗೇ ಫೋಟೊ ಸ್ಟುಡಿಯೋಗಳ ಹಾರ್ಡ್ ಡಿಸ್ಕ್‌ಗಳಿಗೂ ಬಿಡುವಿಲ್ಲದ ದುಡಿಮೆ. ಇಲ್ಲಿನ ಎರಡು ಸ್ಟುಡಿಯೋಗಳ ಲಿನಕ್ಸ್ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಸಂಜೆ ಸ್ಟುಡಿಯೋದ ಹುಡುಗ ಓಡಿ ಬಂದ. "ಅಣ್ಣಾ, ಡಿಸ್ಕ್ ಸತ್ತದ ನೋಡ್ರಿ. ಏನೂ ಕಾಣಾವಲ್ದು." ಯಾದಗಿರಿಯಲ್ಲಿ ಮಾಡಿದ ಮದುವೆಯ ಇಡೀ ವಿಡಿಯೋ ಅದರಲ್ಲಿತ್ತು. ಕ್ಯಾಮೆರಾದ ಕಾರ್ಡ್‌ಗಳನ್ನು ಆಗಲೇ ಅಳಿಸಿ ಬೇರೆ ಮದುವೆಗೆ ಬಳಸಿಬಿಟ್ಟಿದ್ದರು. ದಾರಿಯಲ್ಲಿ ಯಾರೋ ಅಂಗಡಿಯವರು "ಫಾರ್ಮ್ಯಾಟ್ ಹೊಡೆದು ನೋಡು" ಅಂದಿದ್ದರಂತೆ. ಪುಣ್ಯಕ್ಕೆ ಅವನು ಹೊಡೆದಿರಲಿಲ್ಲ.

ಡಿಸ್ಕ್ ಚೆನ್ನಾಗೇ ಇತ್ತು. ಕೇಬಲ್ಲಿನ ತುದಿ ಸಡಿಲವಾಗಿತ್ತು, ಅಷ್ಟೇ. ಬೆರಳಿನಿಂದ ಒತ್ತಿ ಹಿಡಿದರೆ ಲೈಟ್ ನಿಲ್ಲುತ್ತಿತ್ತು, ಬಿಟ್ಟರೆ ಆರುತ್ತಿತ್ತು. ಹೊಸ ಕೇಬಲ್ ಹಾಕಿದ ಮೇಲೆ ಎಲ್ಲ ವಿಡಿಯೋನೂ ಇದ್ದಲ್ಲೇ ಇತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಕೇಬಲ್ ನೋಡಿ, ಆಮೇಲೆ ಕರ್ನಲ್ (ಯಂತ್ರದ ಭಾಗಗಳನ್ನು ನಡೆಸುವ ಲಿನಕ್ಸಿನ ತಿರುಳು) ಏನು ಹೇಳುತ್ತಿದೆ ಓದಿ, ಆಮೇಲೆ ಡೇಟಾ ಬೇರೆ ಕಡೆ ಇಳಿಸಿ. ರಿಪೇರಿ, ಫಾರ್ಮ್ಯಾಟ್ ಎಲ್ಲ ಅದಾದ ಮೇಲೆ. ಈ ಕ್ರಮ ತಪ್ಪಿದರೆ ಬದುಕಿದ್ದ ಡಿಸ್ಕನ್ನು ನಾವೇ ಕೊಂದ ಹಾಗಾಗುತ್ತದೆ.

ಇನ್ನೊಂದು ಮಾತು. ಕಮಾಂಡ್‌ಗಳನ್ನೂ ಕರ್ನಲ್ ಸಂದೇಶಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲೇ ಕೈ ತೆಗೆಯಬೇಕಾದ ಲಕ್ಷಣಗಳು

ಡಿಸ್ಕಿನಿಂದ ಲಯವಾಗಿ ಟಕ್ ಟಕ್ ಅಂತ ಸದ್ದು, ಕೆರೆಯುವ ಸದ್ದು, ಸುಟ್ಟ ವಾಸನೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಇವುಗಳಲ್ಲಿ ಯಾವುದಿದ್ದರೂ ಕೇಬಲ್ ಕಿತ್ತುಬಿಡಿ. ಡಿಸ್ಕ್ ಕೆಳಗೆ ಬಿದ್ದಿದ್ದರೂ ಹಾಗೇ, "ಒಂದು ಸಲ ಹಾಕಿ ನೋಡೋಣ" ಅನ್ನಬೇಡಿ. ನಮ್ಮ ಕಡೆ ಮನೆ, ಅಂಗಡಿ ಎಲ್ಲ ಕಡೆ ಶಹಾಬಾದ್ ಕಲ್ಲಿನ ನೆಲ. ಮೇಜಿನಿಂದ ಜಾರಿ ಅದರ ಮೇಲೆ ಬಿದ್ದ ಡಿಸ್ಕಿನೊಳಗೆ ಓದುವ ಹೆಡ್ ಬಾಗಿರಬಹುದು. ಕರೆಂಟ್ ಕೊಟ್ಟಷ್ಟೂ ಅದು ಡೇಟಾ ಇರುವ ತಟ್ಟೆಯ ಮೇಲೆ ಗೀರುತ್ತದೆ. ಹೀಗಾಗಿದ್ದರೆ ನಡುವಿನದನ್ನೆಲ್ಲ ಬಿಟ್ಟು ಕೊನೆಯ ಎರಡು ಭಾಗ ಓದಿ.

ಲೈಟೂ ಇಲ್ಲ, ಸದ್ದೂ ಇಲ್ಲ

ಇದು ಹೆಚ್ಚಾಗಿ ಕರೆಂಟಿನ ಸಮಸ್ಯೆ. ಕಾಸು ಖರ್ಚಿಲ್ಲದ ಕೆಲಸಗಳಿಂದ ಶುರು ಮಾಡಿ. ಬೇರೆ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಮುಂದಿನ ಪೋರ್ಟ್‌ಗಳು ಒಳಗೊಂದು ಉದ್ದ ವೈರ್ ಹಾದು ಮದರ್‌ಬೋರ್ಡ್ ಸೇರುತ್ತವೆ, ಅಲ್ಲಿ ಸಡಿಲಾಗುವುದು ಜಾಸ್ತಿ. ನಡುವೆ ಹಬ್ ಇದ್ದರೆ ತೆಗೆದು ನೇರ ಚುಚ್ಚಿ.

ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್, 3.0 ಪೋರ್ಟ್ 900. ತಿರುಗುವ ಡಿಸ್ಕ್ ಶುರುವಾಗುವ ಗಳಿಗೆಯಲ್ಲೇ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ. ಅಡಾಪ್ಟರ್ ಇಲ್ಲದ ಹಬ್ಬಿನಲ್ಲಿ ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಜೊತೆ ಡಿಸ್ಕೂ ಇದ್ದರೆ ಅದು ಏಳಲಾರದು.

ದೊಡ್ಡ 3.5 ಇಂಚಿನ ಡಿಸ್ಕ್‌ಗಳಿಗೆ ಬೇರೆ ಅಡಾಪ್ಟರ್ ಬೇಕೇ ಬೇಕು. ಸಾಮಾನ್ಯವಾಗಿ ಅದು 12 ವೋಲ್ಟ್. ಇಲ್ಲಿ ಎಚ್ಚರ! ಪಿನ್ ಕೂರುತ್ತದೆ ಅಂತ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಚುಚ್ಚಿದರೆ ಡಿಸ್ಕಿನ ಬೋರ್ಡ್ ಸುಟ್ಟುಹೋಗುತ್ತದೆ. ಚುಚ್ಚುವ ಮುಂಚೆ ಅಡಾಪ್ಟರಿನ ಚೀಟಿಯ ಮೇಲಿನ ವೋಲ್ಟೇಜ್ ಮತ್ತು ಡಿಸ್ಕ್ ಕೂತಿರುವ ಪೆಟ್ಟಿಗೆಯ ಮೇಲಿನ ವೋಲ್ಟೇಜ್ ಒಂದೇನಾ ಅಂತ ಓದಿ.

ಪೋರ್ಟಿನಲ್ಲಿ ಧೂಳು ಕೂತಿರುವುದೂ ಉಂಟು. ಸೇಡಂ, ಶಹಾಬಾದ್ ಕಡೆ ಕಲ್ಲು, ಸಿಮೆಂಟಿನ ಧೂಳು ಎಲ್ಲದರೊಳಗೂ ಹೊಕ್ಕಿರುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರಿನಿಂದ ಊದಿ. ಸೂಜಿ, ಪಿನ್ನು ಹಾಕಿ ಕೆದಕಬೇಡಿ.

ಲೈಟ್ ಉರಿಯುತ್ತದೆ, ಆದರೆ ಕಂಪ್ಯೂಟರಿಗೆ ಕಾಣುವುದಿಲ್ಲ

ಕೇಬಲನ್ನು ಒಮ್ಮೆ ಹತ್ತಿರದಿಂದ ನೋಡಿ. ಬಹಳಷ್ಟು ಪೋರ್ಟಬಲ್ ಡಿಸ್ಕ್‌ಗಳಿಗೆ ಚಪ್ಪಟೆಯಾದ, ಅಗಲವಾದ ತುದಿ ಇರುತ್ತದೆ. ಅದರಲ್ಲಿ ಎರಡು ಭಾಗ ಅಕ್ಕಪಕ್ಕ ಅಂಟಿಕೊಂಡಿರುತ್ತವೆ. ದೊಡ್ಡ ಭಾಗ ಹಳೇ ಫೋನ್ ಚಾರ್ಜರಿನ ತುದಿಯ ಥರವೇ, ಕರೆಂಟ್ ಬರುವುದೂ 2.0 ವೇಗದ ಡೇಟಾ ಹೋಗುವುದೂ ಅದರಲ್ಲಿ. ಪಕ್ಕದ ಸಣ್ಣ ಭಾಗದಲ್ಲಿ ಐದು ಪಿನ್, 3.0 ವೇಗದ ಡೇಟಾಗೆ. ಸಣ್ಣದು ಸಡಿಲಾದರೆ ಡಿಸ್ಕ್ ಕಾಣುತ್ತದೆ, ಆದರೆ ನಿಧಾನ. ದೊಡ್ಡದು ಸಡಿಲಾದರೆ ಮಾಯ. ಬ್ಯಾಗಿನಲ್ಲಿ ಕೇಬಲ್ ಚುಚ್ಚಿದಂತೆಯೇ ಡಿಸ್ಕ್ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡುವವರ ತುದಿ ಬೇಗ ಸವೆಯುತ್ತದೆ. ಡಿಸ್ಕ್ ಟೈಪ್-ಸಿ ಆಗಿದ್ದರೆ ಕೇಬಲ್ ಬರೀ ಚಾರ್ಜಿಂಗಿನದ್ದೋ ಏನೋ ನೋಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಕೇಬಲ್ ಬದಲಿಸಿದರೂ ಕಾಣಲಿಲ್ಲವಾ? ಈಗ ಕರ್ನಲ್ ಮಾತು ಕೇಳುವ ಸಮಯ. ಡಿಸ್ಕ್ ತೆಗೆದಿಟ್ಟು, ‘ಸುಡೋ ಡಿಎಂಇಎಸ್‌ಜಿ -ಡಬ್ಲ್ಯು’ ಅಂತ ಕೊಡಿ. ಹಳೇ ಸಾಲುಗಳು ಬಂದು ನಿಲ್ಲುತ್ತವೆ. ಎಂಟರ್ ಎರಡು ಸಲ ಒತ್ತಿ ಜಾಗ ಬಿಡಿ. ಈಗ ಡಿಸ್ಕ್ ಚುಚ್ಚಿ, ಹೊಸದಾಗಿ ಮೂಡುವ ಸಾಲುಗಳನ್ನು ಓದಿ.

ಒಂದು ಸಾಲೂ ಬರಲಿಲ್ಲ ಅಂದ್ರೆ ಡೇಟಾ ತಂತಿ ಕೂಡಿಕೊಂಡೇ ಇಲ್ಲ. ಕೇಬಲ್, ಪೋರ್ಟ್, ಇಲ್ಲವೇ ಡಿಸ್ಕ್ ಕಡೆಯ ಸಾಕೆಟ್. ಸಾಫ್ಟ್‌ವೇರಿನಲ್ಲಿ ಹುಡುಕುತ್ತಾ ಕೂರಬೇಡಿ. ಅದೇ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ, ಇನ್ನೊಂದು ಡಿಸ್ಕನ್ನು ಇದೇ ಕಂಪ್ಯೂಟರಿಗೆ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ತಪ್ಪು ಯಾರದ್ದು ಗೊತ್ತಾಗುತ್ತದೆ.

‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್’ ಅನ್ನುವ ಸಾಲಿನ ಕೊನೆಗೆ ‘ಎರರ್ -71’ ಬಂದರೆ ಎರಡೂ ಕಡೆ ಮಾತು ಶುರುವಾಗಿ ನಡುವೆ ಕೆಟ್ಟಿದೆ ಅಂತ ಅರ್ಥ. ‘-110’ ಬಂದರೆ ಕಂಪ್ಯೂಟರ್ ಕರೆದು ಕಾದರೂ ಡಿಸ್ಕ್ ಉತ್ತರ ಕೊಡಲಿಲ್ಲ ಅಂತ. ನನ್ನ ಅನುಭವದಲ್ಲಿ ಎರಡಕ್ಕೂ ಕಾರಣ ಹೆಚ್ಚಾಗಿ ಕೇಬಲ್, ಇಲ್ಲವೇ ಸಾಲದ ಕರೆಂಟ್. ಕೊನೆಗೆ ‘ಅನೇಬಲ್ ಟು ಎನ್ಯುಮರೇಟ್ ಯುಎಸ್‌ಬಿ ಡಿವೈಸ್’ ಅಂದರೆ ಕರ್ನಲ್ ಪ್ರಯತ್ನ ಕೈಬಿಟ್ಟಿದೆ.

‘ಓವರ್-ಕರೆಂಟ್’ ಅನ್ನುವ ಪದ ಕಂಡರೆ ಕೂಡಲೇ ಡಿಸ್ಕ್ ತೆಗೆಯಿರಿ. ಪೋರ್ಟ್ ಕೊಡಬಹುದಾದ್ದಕ್ಕಿಂತ ಹೆಚ್ಚು ಕರೆಂಟ್ ಎಲ್ಲೋ ಹರಿಯುತ್ತಿದೆ. ಪೋರ್ಟಿನೊಳಗೆ ಪಿನ್ ಬಾಗಿ ಇನ್ನೊಂದಕ್ಕೆ ತಾಗಿದ್ದರೂ ಹೀಗಾಗುತ್ತದೆ. ಟಾರ್ಚ್ ಹಾಕಿ ನೋಡಿ. ಬೇರೆ ಕಂಪ್ಯೂಟರಿನಲ್ಲೂ ಅದೇ ಸಂದೇಶ ಬಂದರೆ ತಪ್ಪು ಡಿಸ್ಕಿನದು. ಮತ್ತೆ ಚುಚ್ಚಬೇಡಿ.

ಲಿನಕ್ಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಬಳಸುವವರಿಗೂ ದಾರಿ ಇದೇ. ಅಲ್ಲಿ ‘ಯುಎಸ್‌ಬಿಕಾನ್ಫಿಗ್ ಲಿಸ್ಟ್’ ಮತ್ತು ‘ಕ್ಯಾಮ್‌ಕಂಟ್ರೋಲ್ ಡೆವ್‌ಲಿಸ್ಟ್’ ನೋಡಿ. ಡಿಸ್ಕಿನ ಹೆಸರು ಡಿಎ0, ಡಿಎ1 ಅಂತ ಇರುತ್ತದೆ.

‘ಎಲ್‌ಎಸ್‌ಯುಎಸ್‌ಬಿ’ ತೋರಿಸುತ್ತದೆ, ಫೋಲ್ಡರ್ ತೆರೆಯುವುದಿಲ್ಲ

ಯುಎಸ್‌ಬಿಗೆ ಸೇರಿದ್ದೆಲ್ಲದರ ಪಟ್ಟಿ ಕೊಡುವ ಕಮಾಂಡ್ ಇದು. ಅದರಲ್ಲಿ ಡಿಸ್ಕ್ ಕಂಡಿತು ಅಂದ್ರೆ ಕೇಬಲ್ ಸರಿ ಇದೆ, ಪೆಟ್ಟಿಗೆಯೊಳಗಿನ ಚಿಪ್ ಮಾತಾಡುತ್ತಿದೆ. ಈಗ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಡಿ. ಗಾತ್ರ ನೋಡಲು ಬರೀ ‘ಎಲ್‌ಎಸ್‌ಬಿಎಲ್‌ಕೆ’ ಸಾಕು.

ಡಿಸ್ಕಿನ ಹೆಸರಿದೆ, ಆದರೆ ಗಾತ್ರ ಸೊನ್ನೆ ಅಂತ ತೋರಿಸಿದರೆ ಚಿಪ್ ಎದ್ದಿದೆ, ಅದರ ಹಿಂದಿನ ಡಿಸ್ಕ್ ಎದ್ದಿಲ್ಲ. ಮೊದಲು ಕರೆಂಟ್ ಅನುಮಾನಿಸಿ. ಅದು ಸರಿ ಇದ್ದರೆ ಡಿಸ್ಕಿಗೇ ಪೆಟ್ಟಾಗಿರಬಹುದು. ಪೆಟ್ಟಿಗೆ ಬಿಚ್ಚಿ ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಹಾಕುವ ಯೋಚನೆ ಬರುತ್ತದೆ, ಅಲ್ವಾ? ನಾವೇ ಜೋಡಿಸಿದ ಪೆಟ್ಟಿಗೆ ಆದರೆ ಧಾರಾಳವಾಗಿ ಮಾಡಿ. ಕಂಪನಿಯೇ ಮುಚ್ಚಿ ಕೊಟ್ಟ ಪೋರ್ಟಬಲ್ ಡಿಸ್ಕ್ ಆದರೆ ಬೇಡ. ಎಷ್ಟೋ ಮಾದರಿಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಕೆಲವು ಚಿಪ್‌ಗಳು ಡೇಟಾವನ್ನು ಗೂಢಲಿಪಿ ಮಾಡಿಯೇ ಬರೆಯುತ್ತವೆ, ಆ ಚಿಪ್ ಇಲ್ಲದೆ ಓದಲು ಬರುವುದಿಲ್ಲ.

ಗಾತ್ರ ಸರಿಯಾಗಿದ್ದರೆ ಫೈಲ್‌ಸಿಸ್ಟಂ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಯಾವುದು ನೋಡಿ. ಎನ್‌ಟಿಎಫ್‌ಎಸ್ ಆದರೆ ಕೊನೆಯ ಸಲ ಅದನ್ನು ಯಾವ ವಿಂಡೋಸ್ ಕಂಪ್ಯೂಟರಿನಿಂದ ಕಿತ್ತಿರಿ, ನೆನಪು ಮಾಡಿಕೊಳ್ಳಿ. ಇಜೆಕ್ಟ್ ಮಾಡದೆ ಎಳೆದಿದ್ದರೆ, ಅಥವಾ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಫಾಸ್ಟ್ ಸ್ಟಾರ್ಟಪ್‌ನಲ್ಲಿ ಮಲಗಿದ್ದರೆ, ಲಿನಕ್ಸ್ ಅದನ್ನು ತೆರೆಯಲು ಒಪ್ಪದೇ ಇರಬಹುದು, ಇಲ್ಲವೇ ಓದಲು ಮಾತ್ರ ಬಿಡಬಹುದು. ಆ ಹಟ ನಮ್ಮ ಒಳ್ಳೆಯದಕ್ಕೇ. ಡಿಸ್ಕ್ ವಾಪಸ್ ವಿಂಡೋಸಿಗೆ ಹಾಕಿ, ಬೇಕಾದ್ದನ್ನು ಕಾಪಿ ಮಾಡಿಕೊಂಡು, ಅಲ್ಲೇ ಚೆಕ್‌ಡಿಸ್ಕ್ ಓಡಿಸಿ, ಇಜೆಕ್ಟ್ ಮಾಡಿ ತನ್ನಿ. ಲಿನಕ್ಸಿನ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಕೆಲವು ಮೇಲ್ಮಟ್ಟದ ತಪ್ಪುಗಳನ್ನಷ್ಟೇ ಸರಿ ಮಾಡುತ್ತದೆ. ಅದನ್ನು ಚೆಕ್‌ಡಿಸ್ಕಿನ ಬದಲು ಅಂದುಕೊಳ್ಳಬೇಡಿ.

ಎಕ್ಸ್‌ಫ್ಯಾಟ್ ಆದರೆ ನಿಮ್ಮ ಕರ್ನಲ್ ಎಷ್ಟು ಹಳೇದು ನೋಡಿ. 2020ರ 5.7 ಕರ್ನಲ್‌ನಿಂದ ಒಳ್ಳೆಯ ಎಕ್ಸ್‌ಫ್ಯಾಟ್ ಡ್ರೈವರ್ ಒಳಗೇ ಇದೆ. ಅದಕ್ಕಿಂತ ಹಳೇ ಯಂತ್ರದಲ್ಲಿ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು. ‘ಕ್ರಿಪ್ಟೊ_ಲಕ್ಸ್’ ಅಂತ ಇದ್ದರೆ ಡಿಸ್ಕ್ ಕೆಟ್ಟಿಲ್ಲ, ಪಾಸ್‌ವರ್ಡ್ ಕೇಳುತ್ತಿದೆ.

ಈ ಹಂತದಲ್ಲಿ ಪರದೆಯ ಮೇಲೆ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಲೇ?" ಅಂತ ಯಾವ ಪ್ರೋಗ್ರಾಂ ಕೇಳಿದರೂ ಬೇಡ ಅನ್ನಿ.

ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ

ಸಂದೇಶದ ಪದ ಗಮನಿಸಿ. ‘ಪರ್ಮಿಷನ್ ಡಿನೈಡ್’ ಅಂದರೆ ಬರೀ ಮಾಲೀಕತ್ವದ ಪ್ರಶ್ನೆ. ಲಿನಕ್ಸಿನದೇ ಫೈಲ್‌ಸಿಸ್ಟಂ ಆದ ಎಕ್ಸ್ಟ್4 ಇರುವ ಡಿಸ್ಕ್ ಬೇರೆ ಕಂಪ್ಯೂಟರಿನಿಂದ ಬಂದಿದ್ದರೆ ಹೀಗಾಗುವುದು ಸಹಜ. ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಅಂದರೆ ವಿಷಯ ಗಂಭೀರ. ಏನೋ ತಪ್ಪು ಕಂಡು ಕರ್ನಲ್ ತಾನೇ ಬರವಣಿಗೆ ನಿಲ್ಲಿಸಿರಬಹುದು. ಒತ್ತಾಯದಿಂದ ಮತ್ತೆ ಬರೆಯುವ ಹಾಗೆ ಮೌಂಟ್ ಮಾಡಬೇಡಿ, ಅಂದ್ರೆ ಡಿಸ್ಕನ್ನು ತೆರೆಯಬೇಡಿ. ಓದಲು ಬರುತ್ತಿರುವಾಗಲೇ ಎಲ್ಲ ಕಾಪಿ ಮಾಡಿಕೊಳ್ಳಿ, ಆಮೇಲೆ ಕಾರಣ ಹುಡುಕಿ. ಇನ್ನು ಒಂದೇ ಒಂದು ದೊಡ್ಡ ವಿಡಿಯೋ ಮಾತ್ರ ಹೋಗುತ್ತಿಲ್ಲ ಅಂದ್ರೆ ಡಿಸ್ಕ್ ಫ್ಯಾಟ್32 ಇರಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ.

ಕಾಣುತ್ತದೆ, ಆದರೆ ಆಮೆಯ ನಡಿಗೆ

ಮೊದಲು ಡಿಸ್ಕ್ ಯಾವ ವೇಗದಲ್ಲಿ ಸೇರಿಕೊಂಡಿದೆ ನೋಡಿ. ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಮರದ ಕೊಂಬೆಗಳ ಹಾಗೆ ಪಟ್ಟಿ ಬರುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಅಂಕಿ. 5000ಎಂ ಇದ್ದರೆ 3.0 ವೇಗ. 480ಎಂ ಇದ್ದರೆ 2.0. 12ಎಂ ಅಂತ ಇದ್ದರೆ ಎಲ್ಲೋ ಪೂರ್ತಿ ಕೆಟ್ಟಿದೆ.

ಈ ಅಂಕಿಗಳು ಕೆಲಸದಲ್ಲಿ ಏನು ಮಾಡುತ್ತವೆ ನೋಡಿ. ಒಂದು ಮದುವೆಯ ವಿಡಿಯೋ 200 ಜಿಬಿ ಅಂದುಕೊಳ್ಳಿ. 3.0ರಲ್ಲಿ ಸಣ್ಣ ಪೋರ್ಟಬಲ್ ಡಿಸ್ಕ್ ಸೆಕೆಂಡಿಗೆ 110 ಎಂಬಿ ಓದಿದರೆ ಅರ್ಧ ಗಂಟೆ. 2.0ರಲ್ಲಿ 35 ಎಂಬಿ ಸಿಕ್ಕರೆ ಒಂದೂವರೆ ಗಂಟೆಗೂ ಹೆಚ್ಚು. 12ಎಂನಲ್ಲಿ ಸೆಕೆಂಡಿಗೆ ಸುಮಾರು 1 ಎಂಬಿ, ಎರಡು ದಿನ ದಾಟುತ್ತದೆ.

480 ಇರಬಾರದ ಕಡೆ 480 ಬಂದಿದ್ದರೆ ಮತ್ತೆ ಕೇಬಲ್ಲೇ. ಅಗಲ ತುದಿಯ ಕೇಬಲ್ ಸಿಗಲಿಲ್ಲ ಅಂತ ಹಳೇ ಫೋನ್ ಕೇಬಲನ್ನು ಆ ಸಾಕೆಟ್ಟಿನ ಅರ್ಧಕ್ಕೆ ಚುಚ್ಚುವವರಿದ್ದಾರೆ. ಅದು ಕೂರುತ್ತದೆ, ಕೆಲಸವೂ ಮಾಡುತ್ತದೆ, ಆದರೆ 2.0 ವೇಗದಲ್ಲೇ. ಪೋರ್ಟೂ ನೋಡಿ. 3.0 ಪೋರ್ಟಿನ ಒಳನಾಲಿಗೆ ಹೆಚ್ಚಾಗಿ ನೀಲಿ, ಇಲ್ಲವೇ ಪಕ್ಕದಲ್ಲಿ ಎಸ್‌ಎಸ್ ಗುರುತು ಇರುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ತೀರಾ ಮೆಲ್ಲಗೆ ಚುಚ್ಚಿದರೆ 2.0 ಪಿನ್‌ಗಳು ಮೊದಲು ತಾಗಿ ಡಿಸ್ಕ್ ಆ ವೇಗದಲ್ಲೇ ನಿಂತುಬಿಡಬಹುದು. ತೆಗೆದು, ಒಂದೇ ಸಲಕ್ಕೆ ಗಟ್ಟಿಯಾಗಿ ಚುಚ್ಚಿ ನೋಡಿ.

5000 ಇದ್ದೂ ನಿಧಾನವಾ? ‘ಸುಡೋ ಎಚ್‌ಡಿಪಾರ್ಮ್ -ಟಿ’ ಅಂತ ಬರೆದು ಮುಂದೆ ಡಿಸ್ಕಿನ ಹೆಸರು (‘/ಡೆವ್/ಎಸ್‌ಡಿಬಿ’ ಥರದ್ದು) ಕೊಡಿ. ಇದು ಓದುತ್ತದೆ ಅಷ್ಟೇ, ಏನೂ ಅಳಿಸುವುದಿಲ್ಲ. ಓದುವ ವೇಗ ಚೆನ್ನಾಗಿದ್ದು ಬರೆಯುವುದು ಮಾತ್ರ ನಿಧಾನ ಅಂದ್ರೆ ಡಿಸ್ಕ್ ಕೆಟ್ಟಿದೆ ಅಂತ ಗಾಬರಿ ಬೇಡ. ಈಗಿನ ಬಹಳಷ್ಟು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಟ್ರ್ಯಾಕ್‌ಗಳನ್ನು ಮನೆಯ ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿರುತ್ತಾರೆ. ಎಸ್‌ಎಂಆರ್ ಅನ್ನುವುದು ಇದಕ್ಕೇ. ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದ್ದೂ ಎತ್ತಿಡಬೇಕಲ್ವಾ, ಹಾಗೆ. ಮೊದಲು ಸ್ವಲ್ಪ ಹೊತ್ತು ಜೋರಾಗಿ ಬರೆದು ಆಮೇಲೆ ತೀರಾ ಇಳಿದುಬಿಡುತ್ತದೆ. ನಿಲ್ಲಿಸಿ ಸುಮ್ನೆ ಬಿಟ್ಟರೆ ಡಿಸ್ಕ್ ಒಳಗೇ ಜೋಡಿಸಿಕೊಂಡು ಮತ್ತೆ ವೇಗಕ್ಕೆ ಬರುತ್ತದೆ.

ಸಾವಿರಾರು ಸಣ್ಣ ಫೋಟೊಗಳ ಕಾಪಿ ಒಂದೇ ದೊಡ್ಡ ಫೈಲಿಗಿಂತ ನಿಧಾನ ಆಗುವುದೂ ಸಹಜವೇ. ಕಾಪಿ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಸರ್ರಂತ 100ಕ್ಕೆ ಹೋಗಿ ಅಲ್ಲೇ ನಿಂತರೂ ಅದು ದೋಷವಲ್ಲ. ಲಿನಕ್ಸ್ ಮೊದಲು ರ‍್ಯಾಮಿಗೆ ಬರೆದುಕೊಂಡು ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ‘ಸಿಂಕ್’ ಅಂತ ಕೊಟ್ಟು ಅದು ಮುಗಿಯುವವರೆಗೆ ಕಾಯಿರಿ. ಮುಗಿಯಿತು ಅಂದುಕೊಂಡು ಕೇಬಲ್ ಎಳೆದವರ ಫೈಲ್‌ಗಳೇ ಅರ್ಧಂಬರ್ಧ ಆಗುವುದು.

ಅಗ್ಗದ ಪೆನ್‌ಡ್ರೈವ್‌ಗೆ 2 ಟಿಬಿ ಅಂತ ಬರೆದಿದ್ದರೆ ‘ಎಫ್3ರೈಟ್’, ‘ಎಫ್3ರೀಡ್’ ಓಡಿಸಿ ನಿಜವಾದ ಗಾತ್ರ ತಿಳಿದುಕೊಳ್ಳಿ. ಸುಳ್ಳು ಗಾತ್ರದ ಡ್ರೈವ್‌ನಲ್ಲಿ ಮಿತಿ ದಾಟಿ ಬರೆದದ್ದು ಸಿಗುವುದಿಲ್ಲ. ಅದರಲ್ಲಿ ಬೇಕಾದ್ದೇನಾದರೂ ಇದ್ದರೆ ಈ ಪರೀಕ್ಷೆಗೆ ಮುಂಚೆ ಹೊರಗೆ ತೆಗೆದಿಟ್ಟುಕೊಳ್ಳಿ.

ಇನ್ನು ಬಿಸಿಲು. ಅನೇಕ ಪೋರ್ಟಬಲ್ ಡಿಸ್ಕ್‌ಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣತೆ 35 ಡಿಗ್ರಿವರೆಗೆ ಅಂತಲೇ ಇರುತ್ತದೆ. ನಮ್ಮೂರಿನ ಪತ್ರಾಸ್ ಶೆಡ್ಡಿನ ಸ್ಟುಡಿಯೋದಲ್ಲಿ ಮಧ್ಯಾಹ್ನ ಅದು ಎಲ್ಲಿಂದ ಬರಬೇಕು? ದೊಡ್ಡ ಕಾಪಿಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಡಿಸ್ಕನ್ನು ಲ್ಯಾಪ್‌ಟಾಪಿನ ಮೇಲೋ ಬಟ್ಟೆಯ ಮೇಲೋ ಇಡದೆ ನೇರ ಶಹಾಬಾದ್ ಕಲ್ಲಿನ ನೆಲದ ಮೇಲೆ, ಯಾರ ಕಾಲಿಗೂ ಸಿಗದ ಗೋಡೆಯ ಬದಿಗೆ ಇಡಿ. ಆ ಕಲ್ಲು ಬಿಸಿ ಎಳೆದುಕೊಳ್ಳುತ್ತದೆ. ನೆಲದಲ್ಲಿರುವ ಡಿಸ್ಕ್ ಬೀಳುವುದೂ ಇಲ್ಲ.

ಕಾಪಿ ನಡುವೆ ಕಡಿದುಹೋಗುತ್ತದೆ

ಡಿಎಂಇಎಸ್‌ಜಿಯಲ್ಲಿ ‘ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’ ಅಂತ ಮತ್ತೆ ಮತ್ತೆ ಬರುತ್ತಿದ್ದರೆ ಸಂಪರ್ಕ ಹರಿದು ಹರಿದು ಕೂಡುತ್ತಿದೆ. ಕೇಬಲ್, ಪೋರ್ಟ್, ಕರೆಂಟ್ ಇವುಗಳನ್ನು ಮತ್ತೊಮ್ಮೆ ನೋಡಿ. ಉದ್ದ ಕೇಬಲ್ ಬಿಟ್ಟು ಗಿಡ್ಡದು ಹಾಕಿ.

ಜೊತೆಗೆ ‘ಯುಎಎಸ್’ ಅನ್ನುವ ಅಕ್ಷರಗಳಿರುವ ತಪ್ಪು ಸಾಲುಗಳೂ ಇದ್ದರೆ ಅದು ಬೇರೆ ಕಥೆ. ಯುಎಎಸ್ ಡಿಸ್ಕಿನ ಜೊತೆ ಮಾತಾಡುವ ವೇಗದ ಪದ್ಧತಿ. ಕೆಲವು ಪೆಟ್ಟಿಗೆಗಳ ಚಿಪ್ ಅದನ್ನು ಸರಿಯಾಗಿ ನಿಭಾಯಿಸುವುದಿಲ್ಲ. ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ಆ ಡಿಸ್ಕಿನ ಸಾಲಿನಲ್ಲಿ ನಾಲ್ಕು ಅಕ್ಷರ, ಕೋಲನ್, ಮತ್ತೆ ನಾಲ್ಕು ಅಕ್ಷರದ ಗುರುತು ಇರುತ್ತದೆ. ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ ಆದ ಗ್ರಬ್‌ನ ಬೂಟ್ ಸಾಲಿಗೆ ‘ಯುಎಸ್‌ಬಿ-ಸ್ಟೋರೇಜ್.ಕ್ವರ್ಕ್ಸ್=’ ಅಂತ ಬರೆದು, ಆ ಗುರುತು ಹಾಕಿ, ಕೊನೆಗೆ ‘:ಯು’ ಸೇರಿಸಿ. ಡೆಬಿಯನ್, ಉಬುಂಟುಗಳಲ್ಲಿ ‘ಅಪ್‌ಡೇಟ್-ಗ್ರಬ್’ ಓಡಿಸಿ ರೀಬೂಟ್ ಮಾಡಿ. ಆ ಡಿಸ್ಕ್ ಹಳೇ ಪದ್ಧತಿಯಲ್ಲಿ ನಡೆಯುತ್ತದೆ. ವೇಗ ಸ್ವಲ್ಪ ಕಡಿಮೆಯಾದರೂ ಕಾಪಿ ಕೊನೆಮುಟ್ಟುತ್ತದೆ.

ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಸುಮ್ಮನಿದ್ದಾಗ ಮಾತ್ರ ಕಡಿಯುತ್ತದೆ ಅಂದ್ರೆ ಬ್ಯಾಟರಿ ಉಳಿಸುವ ಟಿಎಲ್‌ಪಿಯಂಥ ಪ್ರೋಗ್ರಾಂ ಪೋರ್ಟನ್ನು ಮಲಗಿಸುತ್ತಿರಬಹುದು. ಅದರ ಯುಎಸ್‌ಬಿ ಆಟೋಸಸ್ಪೆಂಡ್ ಆಫ್ ಮಾಡಿ ಒಂದು ದಿನ ನೋಡಿ.

ಡೆಸ್ಕ್‌ಟಾಪಿನಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಎದ್ದುಕೊಳ್ಳುವ ಆ ಒಂದು ಕ್ಷಣವೂ ಸಾಕು. ಅಡಾಪ್ಟರ್ ಇರುವ ಡಿಸ್ಕನ್ನೂ ಕಂಪ್ಯೂಟರನ್ನೂ ಒಂದೇ ಯುಪಿಎಸ್‌ಗೆ ಹಾಕಿ.

ಟಕ್ ಟಕ್ ಸದ್ದು, ಅಥವಾ ‘ಐ/ಒ ಎರರ್’

ಡಿಎಂಇಎಸ್‌ಜಿಯಲ್ಲಿ ‘ಐ/ಒ ಎರರ್’, ‘ಮೀಡಿಯಂ ಎರರ್’, ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ನಂಬರು ಬರುತ್ತಿದ್ದರೆ ತಟ್ಟೆಯ ಮೇಲೇ ಓದಲಾಗದ ಜಾಗಗಳಿವೆ. ಸದ್ದಿಲ್ಲದಿದ್ದರೆ ಮಾತ್ರ ಮುಂದುವರಿಯಿರಿ. ‘ಸುಡೋ ಸ್ಮಾರ್ಟ್‌ಸಿಟಿಎಲ್ -ಎ -ಡಿ ಸ್ಯಾಟ್’ ಮತ್ತು ಡಿಸ್ಕಿನ ಹೆಸರು ಕೊಡಿ, ಡಿಸ್ಕಿನ ಆರೋಗ್ಯದ ವರದಿ ಬರುತ್ತದೆ. ಮೇಲೆ ‘ಪಾಸ್ಡ್’ ಅಂತ ಬಂದದ್ದನ್ನು ನಂಬಿ ಸುಮ್ಮನಾಗಬೇಡಿ. ಕೆಳಗಿನ ಪಟ್ಟಿಯಲ್ಲಿ 5, 197, 198ರ ಕೊನೆಯ ಅಂಕಿ ನೋಡಿ. 197 ಅಂದರೆ ಓದಲಾಗದೆ ಕಾದಿರುವ ಸೆಕ್ಟರ್‌ಗಳು. ಅದು ಸೊನ್ನೆ ಇರಬೇಕು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ಇನ್ನು ನಂಬುವ ಹಾಗಿಲ್ಲ. 199 ಮಾತ್ರ ಏರಿದ್ದರೆ ತಪ್ಪು ತಟ್ಟೆಯದಲ್ಲ, ಪೆಟ್ಟಿಗೆಯೊಳಗಿನ ಜೋಡಣೆಯದು.

ಇಂಥ ಡಿಸ್ಕಿನ ಮೇಲೆ ‘ಎಫ್‌ಎಸ್‌ಸಿಕೆ’ ಓಡಿಸಬೇಡಿ. ಅದು ಡಿಸ್ಕಿನ ಮೇಲೇ ಬರೆದು ಸರಿಪಡಿಸಲು ಹೋಗುತ್ತದೆ. ಬದಲಿಗೆ ಅದಕ್ಕಿಂತ ದೊಡ್ಡದಾದ ಒಳ್ಳೆಯ ಡಿಸ್ಕ್ ತಂದು ‘ಡಿಡಿರೆಸ್ಕ್ಯೂ -ಎನ್’ನಿಂದ ಪೂರ್ತಿ ಪ್ರತಿ ತೆಗೆಯಿರಿ. ಮೊದಲು ಕೆಟ್ಟ ಡಿಸ್ಕಿನ ಹೆಸರು, ಆಮೇಲೆ ಒಳ್ಳೆಯ ಡಿಸ್ಕಿನಲ್ಲಿ ಇಮೇಜ್ ಫೈಲ್ (ಇಡೀ ಡಿಸ್ಕಿನ ಪ್ರತಿ ಕೂರುವ ಫೈಲ್), ಕೊನೆಗೆ ಮ್ಯಾಪ್ ಫೈಲ್. ಈ ಕ್ರಮ ಅದಲುಬದಲಾದರೆ ಡೇಟಾ ಅಳಿದೇ ಹೋಗಬಹುದು. ಎಂಟರ್ ಒತ್ತುವ ಮುನ್ನ ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ ಗಾತ್ರ, ಮಾದರಿ ನೋಡಿ ಯಾವುದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ನಾನು ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇನೆ, ಪಕ್ಕದವರು ಪರದೆ ನೋಡುತ್ತಾರೆ.

ಮೊದಲ ಸುತ್ತಿನಲ್ಲಿ ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಇಳಿಸಿಕೊಂಡು, ಕೆಟ್ಟ ಜಾಗಗಳನ್ನು ಆಮೇಲಕ್ಕೆ ಬಿಡುತ್ತದೆ. ಎಲ್ಲಿಯವರೆಗೆ ಬಂತು ಅಂತ ಮ್ಯಾಪ್ ಫೈಲಿನಲ್ಲಿ ಇರುತ್ತದೆ. ನಡುವೆ ಕರೆಂಟ್ ಹೋದರೂ ಅದೇ ಕಮಾಂಡ್ ಮತ್ತೆ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ. ಆಮೇಲಿನ ರಿಪೇರಿ ಏನಿದ್ದರೂ ಇಮೇಜಿನ ಇನ್ನೊಂದು ಪ್ರತಿಯ ಮೇಲೆ.

ಬೇರೆಯವರ ಕೈಗೆ ಕೊಡುವಾಗ

ಸದ್ದು ಬರುತ್ತಿದ್ದರೆ, ಬಿದ್ದಿದ್ದರೆ, ನೀರು ಹೊಕ್ಕಿದ್ದರೆ, ಗಾತ್ರ ಸೊನ್ನೆಯೇ ತೋರಿಸುತ್ತಿದ್ದರೆ, ಒಳಗಿನದು ಇನ್ನೆಲ್ಲೂ ಇಲ್ಲ ಅಂದ್ರೆ, ಡೇಟಾ ರಿಕವರಿ ಮಾಡುವವರಿಗೇ ಕೊಡಿ. ಫ್ರಿಜ್ಜಿನಲ್ಲಿಡುವುದು, ತಟ್ಟುವುದು, ಮುಚ್ಚಳ ತೆಗೆದು ನೋಡುವುದು ಯಾವುದೂ ಬೇಡ. ಒಳಗೆ ಹೊಕ್ಕ ಒಂದು ಧೂಳಿನ ಕಣವೂ ತಟ್ಟೆಗೆ ಗೀರು ಹಾಕುತ್ತದೆ.

ಕೊಡುವ ಮುನ್ನ ಕೇಳಿ: ಡಿಸ್ಕ್ ಬಿಚ್ಚುವುದಾದರೆ ಧೂಳಿಲ್ಲದ ಕ್ಲೀನ್ ರೂಂ ಇದೆಯಾ, ಸಿಕ್ಕಿದ ಡೇಟಾ ಬೇರೆ ಡಿಸ್ಕಿಗೇ ಹಾಕುತ್ತೀರಾ, ಡೇಟಾ ಸಿಗದಿದ್ದರೆ ಎಷ್ಟು ದುಡ್ಡು. ಕೈಯಲ್ಲಿ ಒಂದು ಚೀಟಿಯನ್ನೂ ಕೊಡಿ. ಯಾವಾಗ ಕೆಟ್ಟಿತು, ಯಾವ ಸದ್ದು, ಏನೇನು ಮಾಡಿ ನೋಡಿದಿರಿ, ಯಾವ ಫೋಲ್ಡರ್ ಮೊದಲು ಬೇಕು. ಸ್ಟುಡಿಯೋದ ಹುಡುಗನಿಗೆ ಈಗ ಒಂದು ಡಬ್ಬಿ ಕೊಟ್ಟಿದ್ದೇನೆ. ಅದರಲ್ಲಿ ಚೆನ್ನಾಗಿರುವ ಎರಡು ಕೇಬಲ್, ರಬ್ಬರ್ ಬ್ಲೋವರ್, ಒಂದು ಪೆನ್ನು, ಖಾಲಿ ಚೀಟಿಗಳಿವೆ. ಮದುವೆಯ ಕಾರ್ಡ್‌ಗಳನ್ನು ಎರಡು ಡಿಸ್ಕಿಗೆ ಇಳಿಸಿದ ಮೇಲೆಯೇ ಅಳಿಸಬೇಕು ಅಂತ ಅವನೇ ಮುಚ್ಚಳದ ಮೇಲೆ ಮಾರ್ಕರಿನಿಂದ ಬರೆದುಕೊಂಡಿದ್ದಾನೆ.